ಮೃದು ವಸ್ತುವಿನ ಬಿಗಿತವನ್ನು ಒತ್ತಿ ಅಳೆಯುವುದು ಹೇಗೆ

ಬೆಣ್ಣೆಹಣ್ಣು ಮಾಗಿದೆಯೇ ಎಂದು ತಿಳಿಯಲು ಹೆಬ್ಬೆರಳಿನಿಂದ ಒತ್ತಿ ನೋಡುವುದು ಕೊಡಗಿನ ಸಂತೆಗಳಲ್ಲಿ ಎಲ್ಲರಿಗೂ ತಿಳಿದ ಕ್ರಮ. ಜೀಪಿನ ರಬ್ಬರ್ ಬುಷ್ ಹಳತಾಗಿ ಗಡುಸಾಗಿದೆಯೇ ಎಂಬುದನ್ನು ಮೆಕ್ಯಾನಿಕ್ ಉಗುರು ಊರಿ ಹೇಳಿಬಿಡುತ್ತಾರೆ. ಹೀಗೆ ಒತ್ತುವಾಗ ಬೆರಳು ಮೂರು ಸಂಗತಿಗಳನ್ನು ಒಟ್ಟಿಗೇ ಗ್ರಹಿಸುತ್ತದೆ: ಎಷ್ಟು ಬಲಕ್ಕೆ ಮೇಲ್ಮೈ ಎಷ್ಟು ತಗ್ಗಿತು, ಬೆರಳು ತೆಗೆದ ಮೇಲೆ ಎಷ್ಟು ಹಿಂದಿರುಗಿತು, ಯಾವ ಹಂತದಲ್ಲಿ ವಸ್ತು ಸೋತು ಒಡೆಯಿತು. ಇಂಡೆಂಟೇಶನ್ ಪರೀಕ್ಷೆಯಲ್ಲಿ ನಾವು ಮಾಡುವುದೂ ಒತ್ತುವ ಕೆಲಸವನ್ನೇ. ಆದರೆ ಈ ಮೂರನ್ನು ಬೇರ್ಪಡಿಸಿ, ಒಂದೊಂದಕ್ಕೂ ಅಂಕಿ ಕೊಡುತ್ತೇವೆ.

ಇದಕ್ಕೆಂದೇ ತಯಾರಾದ ಯಂತ್ರಗಳ ಬೆಲೆ ಲಕ್ಷಗಟ್ಟಲೆ ರೂಪಾಯಿ. ಕೆಲವು ಕಿಲೋಪ್ಯಾಸ್ಕಲ್‌ನಿಂದ ಕೆಲವು ಮೆಗಾಪ್ಯಾಸ್ಕಲ್‌ವರೆಗಿನ ಬಿಗಿತವನ್ನು, ಅಂದರೆ ಚೈನಾ ಗ್ರಾಸ್‌ನ ಜೆಲ್ಲಿಯಿಂದ ರಬ್ಬರಿನವರೆಗಿನ ವಸ್ತುಗಳನ್ನು, ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಒಂದು ಡಯಲ್ ಗೇಜ್ ಮತ್ತು ಒಂದು ಬೇರಿಂಗ್ ಗೋಲಿಯಿಂದಲೇ ನಂಬಬಹುದಾದ ಮಟ್ಟಿಗೆ ಅಳೆಯಬಹುದು. ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಓದುತ್ತಿರುವ ವಿದ್ಯಾರ್ಥಿ ತನ್ನ ಕಾಲೇಜಿನಲ್ಲೇ ಈ ವ್ಯವಸ್ಥೆಯನ್ನು ಹೊಂದಿಸಿಕೊಳ್ಳಬಹುದು. ಸೂತ್ರಕ್ಕೆ ಅಂಕಿಗಳನ್ನು ತುಂಬಿ ಉತ್ತರ ಪಡೆಯುವುದು ಐದು ನಿಮಿಷದ ಕೆಲಸ. ಆ ಸೂತ್ರ ಬೇಡುವ ಷರತ್ತುಗಳು ನಮ್ಮ ಮಾದರಿಯಲ್ಲಿ ಇವೆಯೇ ಎಂದು ಪರಿಶೀಲಿಸುವುದರಲ್ಲೇ ಈ ಪರೀಕ್ಷೆಯ ಬಹುಪಾಲು ಶ್ರಮವಿದೆ. ಈ ಬರಹದ ಬಹುಪಾಲೂ ಆ ಪರಿಶೀಲನೆಗೇ ಮೀಸಲು.

ಸೂತ್ರ ಮತ್ತು ಗೋಲಿಯ ಆಯ್ಕೆ

ಎರಡು ಗೋಲಾಕಾರದ ಸ್ಥಿತಿಸ್ಥಾಪಕ ವಸ್ತುಗಳು ಒಂದನ್ನೊಂದು ಒತ್ತಿದಾಗ ಏನಾಗುತ್ತದೆ ಎಂಬುದನ್ನು ಹೈನ್ರಿಖ್ ಹರ್ಟ್ಸ್ 1882ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಗಟ್ಟಿ ಗೋಲಿಯೊಂದು ಸಮತಟ್ಟಾದ ಮೃದು ವಸ್ತುವನ್ನು ಒತ್ತುವ ಸಂದರ್ಭಕ್ಕೆ ಅವರ ಫಲಿತಾಂಶ ಹೀಗಿದೆ:

ಬಲ = (4/3) × [ಯಂಗ್‌ ಗುಣಾಂಕ ÷ (1 − ಪಾಯ್ಸನ್ ಅನುಪಾತದ ವರ್ಗ)] × √ತ್ರಿಜ್ಯ × (ಆಳ)^1.5

ಇಲ್ಲಿ ತ್ರಿಜ್ಯವೆಂದರೆ ಗೋಲಿಯ ತ್ರಿಜ್ಯ, ಆಳವೆಂದರೆ ಮೇಲ್ಮೈ ತಗ್ಗಿದ ಪ್ರಮಾಣ. ಯಂಗ್ ಗುಣಾಂಕವೆಂದರೆ ನಾವು ಹುಡುಕುತ್ತಿರುವ ಬಿಗಿತದ ಅಂಕಿ; ಪಾಯ್ಸನ್ ಅನುಪಾತವೆಂದರೆ ಒಂದು ದಿಕ್ಕಿನಲ್ಲಿ ಕುಗ್ಗಿದ ವಸ್ತು ಪಕ್ಕಕ್ಕೆ ಎಷ್ಟು ಉಬ್ಬುತ್ತದೆ ಎಂಬುದರ ಅಳತೆ. ಬಲ ನ್ಯೂಟನ್‌ನಲ್ಲಿ, ಉದ್ದಗಳು ಮೀಟರಿನಲ್ಲಿ ಇದ್ದರೆ ಗುಣಾಂಕ ಪ್ಯಾಸ್ಕಲ್‌ನಲ್ಲಿ ಬರುತ್ತದೆ. ನೀರು ತುಂಬಿದ ಜೆಲ್ಲಿ ಮತ್ತು ರಬ್ಬರ್ ಒತ್ತಿದಾಗ ಆಕಾರ ಬದಲಿಸುತ್ತವೆಯೇ ಹೊರತು ಗಾತ್ರವನ್ನು ಬಹುಮಟ್ಟಿಗೆ ಬದಲಿಸುವುದಿಲ್ಲವಾದ್ದರಿಂದ ಅವುಗಳ ಪಾಯ್ಸನ್ ಅನುಪಾತವನ್ನು 0.5 ಎಂದು ಹಿಡಿಯುವುದು ವಾಡಿಕೆ. ಅದು ನಿಜವಾಗಿ 0.4 ಆಗಿದ್ದರೆ ಉತ್ತರದಲ್ಲಿ ಶೇಕಡಾ 12ರಷ್ಟು ವ್ಯತ್ಯಾಸ ಬರುತ್ತದೆ. ಸ್ಪಂಜಿನಂಥ ವಸ್ತುಗಳಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು. ಯಾವ ಅನುಪಾತವನ್ನು ಹಿಡಿದಿರಿ ಎಂಬುದನ್ನು ಉತ್ತರದ ಜೊತೆಗೇ ಬರೆಯಬೇಕಾದದ್ದು ಇದೇ ಕಾರಣಕ್ಕೆ.

ಗೋಲಿಯ ಬದಲು ಶಂಕುವನ್ನೋ ಚಪ್ಪಟೆ ತುದಿಯ ಸಿಲಿಂಡರನ್ನೋ ಬಳಸಬಹುದು. ಇಯನ್ ಸ್ನೆಡನ್ 1965ರಲ್ಲಿ ಇಂಥ ಆಕಾರಗಳಿಗೆಲ್ಲ ಸೂತ್ರ ಒದಗಿಸಿದ್ದಾರೆ. ಚಪ್ಪಟೆ ತುದಿಯಲ್ಲಿ ಸ್ಪರ್ಶದ ವಿಸ್ತಾರ ಬದಲಾಗದೆ ಬಲವೂ ಆಳವೂ ನೇರ ಅನುಪಾತದಲ್ಲಿ ಏರುತ್ತವೆ ಎಂಬ ಅನುಕೂಲವಿದೆ. ಆದರೆ ತುದಿ ಒಂದು ಕೂದಲೆಳೆಯಷ್ಟು ಓರೆಯಾದರೂ ಒಂದು ಅಂಚು ಮೊದಲು ತಾಗಿ ಲೆಕ್ಕ ಕೆಡುತ್ತದೆ. ಗೋಲಿಗೆ ಓರೆಯೆಂಬುದೇ ಇಲ್ಲ. ಮೊದಲ ಸಲ ಮಾಡುವವರು ಗೋಲಿಯನ್ನೇ ಆರಿಸಿಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಉಪಕರಣದ ಜೋಡಣೆ

ಮಾದರಿಯನ್ನು ತಕ್ಕಡಿಯ ತಟ್ಟೆಯ ಮೇಲಿಡಬೇಕು. ಗೋಲಿ ಮೇಲಿನಿಂದ ಇಳಿದು ಒತ್ತಬೇಕು. ತಕ್ಕಡಿಯಲ್ಲಿ ಹೆಚ್ಚಾದ ತೂಕವೇ ಬಲ. ತೋರಿದ ಗ್ರಾಂಗಳನ್ನು ಸಾವಿರದಿಂದ ಭಾಗಿಸಿ 9.78ರಿಂದ ಗುಣಿಸಿದರೆ ನ್ಯೂಟನ್ ಸಿಗುತ್ತದೆ. 0.01 ಗ್ರಾಂವರೆಗೆ ತೋರಿಸುವ ತಕ್ಕಡಿ ಸಾಕು. ಗೋಲಿಯನ್ನು ಇಳಿಸಲು ಹಳೆಯ ಸೂಕ್ಷ್ಮದರ್ಶಕದ ಸ್ಟ್ಯಾಂಡಿಗಿಂತ ಉತ್ತಮವಾದದ್ದು ಸುಲಭವಾಗಿ ಸಿಗದು: ಮಸೂರದ ಜಾಗದಲ್ಲಿ ಒಂದು ಕಡ್ಡಿಯ ತುದಿಗೆ ಎಪಾಕ್ಸಿ ಅಂಟಿನಿಂದ ಗೋಲಿಯನ್ನು ಕೂರಿಸಿದರೆ, ತಿರುಗಣೆಯಿಂದ ಅದನ್ನು ಬಹಳ ನಿಧಾನವಾಗಿ ಇಳಿಸಬಹುದು. ಸುಮಾರು 12 ಮಿಲಿಮೀಟರ್ ವ್ಯಾಸದ ಗೋಲಿ ಬೇರಿಂಗ್ ಮಾರುವ ಅಂಗಡಿಗಳಲ್ಲಿ ದೊರೆಯುತ್ತದೆ. ವ್ಯಾಸವನ್ನು ವರ್ನಿಯರ್‌ನಲ್ಲಿ ನೀವೇ ಅಳೆದುಕೊಳ್ಳಿ. ಲೇಥ್ ಕೆಲಸದವರಲ್ಲಿ ಇರುವಂಥ, 0.01 ಮಿಲಿಮೀಟರ್ ತೋರಿಸುವ ಡಯಲ್ ಗೇಜನ್ನು ಅದರ ಕಾಂತದ ಸ್ಟ್ಯಾಂಡಿನ ಸಮೇತ ತಂದು, ಗೋಲಿ ಹಿಡಿದಿರುವ ತೋಳಿನ ಚಲನೆಯನ್ನು ಅಳೆಯುವಂತೆ ನಿಲ್ಲಿಸಬೇಕು. ಗೇಜಿನ ಕಡ್ಡಿಗೆ ತನ್ನದೇ ಸ್ಪ್ರಿಂಗ್ ಇರುವುದರಿಂದ ಅದು ಎಂದಿಗೂ ಮಾದರಿಯನ್ನಾಗಲಿ ತಕ್ಕಡಿಯನ್ನಾಗಲಿ ಮುಟ್ಟಬಾರದು.

ಇಲ್ಲಿ ಎರಡು ಗುಟ್ಟುಗಳಿವೆ. ಮೊದಲನೆಯದು, ಭಾರ ಬಿದ್ದಾಗ ತಕ್ಕಡಿಯ ತಟ್ಟೆಯೂ ತುಸು ಕೆಳಗಿಳಿಯುತ್ತದೆ. ಮಾದರಿಯ ಜಾಗದಲ್ಲಿ ಉಕ್ಕಿನ ತುಂಡೊಂದನ್ನಿಟ್ಟು ಗೋಲಿಯಿಂದ ಒತ್ತಿ, ಎಷ್ಟು ಗ್ರಾಂಗೆ ಎಷ್ಟು ಮಿಲಿಮೀಟರ್ ಇಳಿಯಿತು ಎಂಬುದನ್ನು ಮೊದಲೇ ಬರೆದುಕೊಂಡು, ಮುಂದೆ ಪ್ರತಿ ಆಳದಿಂದಲೂ ಅಷ್ಟನ್ನು ಕಳೆಯಬೇಕು. ಜೆಲ್ಲಿಯ ವಿಷಯದಲ್ಲಿ ಇದು ನಗಣ್ಯವಾಗಬಹುದು, ರಬ್ಬರಿನಲ್ಲಿ ಖಂಡಿತ ಅಲ್ಲ. ಎರಡನೆಯದು, ಅನೇಕ ಅಗ್ಗದ ತಕ್ಕಡಿಗಳು ಸೊನ್ನೆಯ ಆಸುಪಾಸಿನಲ್ಲಿ ನಿಧಾನವಾಗಿ ಏರುವ ತೂಕವನ್ನು ತಾವಾಗಿಯೇ ಸೊನ್ನೆಗೆ ಎಳೆದುಬಿಡುತ್ತವೆ. ಮಾದರಿಯನ್ನಿಟ್ಟು, ಓದನ್ನು ಸೊನ್ನೆಗೆ ತರುವ ಟೇರ್ ಗುಂಡಿ ಒತ್ತಿದರೆ ಮೊದಲ ಸ್ಪರ್ಶದ ಸೂಕ್ಷ್ಮ ತೂಕ ಮಾಯವಾಗುವುದು ಹೀಗೆಯೇ. ಟೇರ್ ಒತ್ತದೆ, ಮಾದರಿಯ ಪೂರ್ತಿ ತೂಕ ತೋರುತ್ತಿರಲಿ. ಕಳೆಯುವ ಲೆಕ್ಕವನ್ನು ಕಾಗದದ ಮೇಲೆ ಮಾಡಿ.

ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ. ಮಡಿಕೇರಿಯಲ್ಲಿ ಮಳೆಗಾಳಿ ಬೀಸುವಾಗ ತಕ್ಕಡಿಯ ಕೊನೆಯ ಅಂಕಿ ನಿಲ್ಲುವುದೇ ಇಲ್ಲ.

ಮಾದರಿ

ಅಭ್ಯಾಸಕ್ಕೆ ದಿನಸಿ ಅಂಗಡಿಯ ಚೈನಾ ಗ್ರಾಸ್, ಅಂದರೆ ಅಗಾರ್, ಅತ್ಯುತ್ತಮ ವಸ್ತು. ಜೆಲಾಟಿನ್ ಬೆಚ್ಚಗಿನ ಮಧ್ಯಾಹ್ನದಲ್ಲೇ ಮೆತ್ತಗಾಗಲು ತೊಡಗುತ್ತದೆ; ಅಗಾರ್ ಒಮ್ಮೆ ಹೆಪ್ಪುಗಟ್ಟಿದರೆ ಸುಮಾರು 85 ಡಿಗ್ರಿ ಸೆಲ್ಸಿಯಸ್‌ವರೆಗೆ ಕರಗುವುದಿಲ್ಲ. ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದಾದರೂ ಅಗಾರ್ ಕರಗಲು ಅಷ್ಟು ಶಾಖ ಸಾಕು, ಕುಕ್ಕರಿನ ಅಗತ್ಯವಿಲ್ಲ. ನೂರು ಗ್ರಾಂ ನೀರಿಗೆ ಒಂದೂವರೆ ಗ್ರಾಂ ಪ್ರಮಾಣದಲ್ಲಿ ಹಾಕಿ, ಪೂರ್ತಿ ತಿಳಿಯಾಗುವವರೆಗೆ ಕುದಿಸಿ. ಕುದಿಯುವಾಗ ಆವಿಯಾಗಿ ಹೋದ ನೀರನ್ನು ಪಾತ್ರೆಯ ತೂಕ ನೋಡಿ ಮತ್ತೆ ಸೇರಿಸದಿದ್ದರೆ, ನೀವು ಬರೆದುಕೊಂಡ ಸಾಂದ್ರತೆಗೂ ನಿಜವಾದ ಸಾಂದ್ರತೆಗೂ ಸಂಬಂಧವಿರುವುದಿಲ್ಲ.

ಅಗಲವಾದ, ಚಪ್ಪಟೆ ತಳದ ಪಾತ್ರೆಯಲ್ಲಿ ಕನಿಷ್ಠ 30 ಮಿಲಿಮೀಟರ್ ದಪ್ಪಕ್ಕೆ ಎರಕ ಹೊಯ್ದು, ಗುಳ್ಳೆಗಳನ್ನು ಚಮಚದಿಂದ ತೆಗೆದು, ಮುಚ್ಚಿ ಆರಲು ಬಿಡಿ. ಮುಚ್ಚದಿದ್ದರೆ ಮೇಲ್ಮೈಯಲ್ಲಿ ಒಣ ಪೊರೆ ಕಟ್ಟುತ್ತದೆ. ಜನವರಿ, ಫೆಬ್ರವರಿಯ ಒಣ ಹವೆಯಲ್ಲಿ ಇದು ಬೇಗ ಆಗುತ್ತದೆ, ಆಗ ನೀವು ಅಳೆಯುವುದು ಜೆಲ್ಲಿಯನ್ನಲ್ಲ, ಆ ಪೊರೆಯನ್ನು. ಮಾದರಿಯ ವಯಸ್ಸೂ ಮುಖ್ಯ. ಹಬೆಯಿಂದ ಆಗತಾನೇ ಇಳಿಸಿದ ಕಡಂಬುಟ್ಟನ್ನು ಪರೀಕ್ಷಿಸಿದರೆ ಒಂದು ಉತ್ತರ, ತಣಿದು ಪಿಷ್ಟ ಬಿರುಸಾದ ಮೇಲೆ ಪರೀಕ್ಷಿಸಿದರೆ ಬೇರೆಯೇ ಉತ್ತರ. ಪಿಷ್ಟವಿರುವ ಎಲ್ಲ ತಿನಿಸುಗಳಿಗೂ ಇದು ಅನ್ವಯಿಸುತ್ತದೆ. ಎರಕ ಹೊಯ್ದ ಮರುದಿನ, ಅದೇ ಹೊತ್ತಿಗೆ, ಕೋಣೆಯ ತಾಪಮಾನ ಬರೆದುಕೊಂಡು ಪರೀಕ್ಷಿಸುವ ಪದ್ಧತಿ ಇಟ್ಟುಕೊಳ್ಳಿ. ಮಡಿಕೇರಿಯ ಜುಲೈ ಬೆಳಗನ್ನೂ ಕುಶಾಲನಗರದ ಮಾರ್ಚ್ ಮಧ್ಯಾಹ್ನವನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಬಾರದು.

ಒತ್ತುವ ಕ್ರಮ ಮತ್ತು ಮೊದಲ ಸ್ಪರ್ಶ

ಗೋಲಿಯನ್ನು ಮೇಲ್ಮೈಗೆ ತೀರಾ ಹತ್ತಿರ ತಂದು, ಅಲ್ಲಿಂದ 0.05 ಮಿಲಿಮೀಟರ್‌ನ ಹೆಜ್ಜೆಗಳಲ್ಲಿ ಇಳಿಸುತ್ತಾ, ಪ್ರತಿ ಹೆಜ್ಜೆಯಲ್ಲೂ ಹತ್ತು ಸೆಕೆಂಡು ಕಾದು, ಡಯಲ್ ಮತ್ತು ತಕ್ಕಡಿ ಎರಡನ್ನೂ ಬರೆದುಕೊಳ್ಳಿ. ಕಾಯುವ ಹೊತ್ತು ಎಲ್ಲ ಹೆಜ್ಜೆಗಳಲ್ಲೂ ಒಂದೇ ಆಗಿರಬೇಕು. ಆಳವು ಗೋಲಿಯ ತ್ರಿಜ್ಯದ ಹತ್ತನೇ ಒಂದು ಭಾಗವನ್ನು ಮೀರಬಾರದು, ಏಕೆಂದರೆ ಸ್ಪರ್ಶವೃತ್ತ ಗೋಲಿಗಿಂತ ಬಹಳ ಚಿಕ್ಕದು ಎಂದು ಹಿಡಿದೇ ಹರ್ಟ್ಸ್ ಲೆಕ್ಕ ಹಾಕಿರುವುದು. 6 ಮಿಲಿಮೀಟರ್ ತ್ರಿಜ್ಯದ ಗೋಲಿಗೆ ಅರ್ಧ ಮಿಲಿಮೀಟರ್ ಆಳ ಯಥೇಷ್ಟ.

ಈ ಪರೀಕ್ಷೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವ ಪ್ರಶ್ನೆ, ಆಳದ ಸೊನ್ನೆ ಎಲ್ಲಿದೆ ಎಂಬುದು. ಮೃದು ವಸ್ತುವಿನಲ್ಲಿ ಮೊದಲ ಸ್ಪರ್ಶಕ್ಕೆ ಬಲವೇ ಇರುವುದಿಲ್ಲ. ತಕ್ಕಡಿ ಕದಲುವ ಹೊತ್ತಿಗೆ ಗೋಲಿ ಆಗಲೇ ಒಳಗಿಳಿದಿರುತ್ತದೆ. ಆಳಕ್ಕೆ 1.5ರ ಘಾತವಿರುವುದರಿಂದ, ಅರ್ಧ ಮಿಲಿಮೀಟರ್ ಆಳದಲ್ಲಿ 0.05 ಮಿಲಿಮೀಟರ್ ತಪ್ಪಿದರೆ ಗುಣಾಂಕ ಸುಮಾರು ಶೇಕಡಾ 15 ತಪ್ಪುತ್ತದೆ, 0.2 ಮಿಲಿಮೀಟರ್ ಆಳದಲ್ಲಿ ಅಷ್ಟೇ ತಪ್ಪಿದರೆ ಶೇಕಡಾ 40ರ ಹತ್ತಿರ. ಆದ್ದರಿಂದ ಸ್ಪರ್ಶಬಿಂದುವನ್ನು ಕಣ್ಣಿನಿಂದ ನಿರ್ಧರಿಸಲು ಹೋಗಬೇಡಿ. ಬಲದ 2/3 ಘಾತವನ್ನು ಲಂಬ ಅಕ್ಷದಲ್ಲಿ, ಡಯಲಿನ ಓದನ್ನು ಅಡ್ಡ ಅಕ್ಷದಲ್ಲಿ ಇಟ್ಟು ನಕ್ಷೆ ಬರೆಯಿರಿ. ಹರ್ಟ್ಸ್ ನಿಯಮ ಪಾಲನೆಯಾಗುತ್ತಿದ್ದರೆ ಬಿಂದುಗಳು ಸರಳರೇಖೆಯಲ್ಲಿ ಬೀಳುತ್ತವೆ. ಆ ರೇಖೆಯನ್ನು ಕೆಳಕ್ಕೆ ಎಳೆದಾಗ ಅದು ಅಡ್ಡ ಅಕ್ಷವನ್ನು ಕಡಿಯುವ ಜಾಗವೇ ನಿಜವಾದ ಮೊದಲ ಸ್ಪರ್ಶ. ರೇಖೆಯ ಇಳಿಜಾರಿನಿಂದ ಗುಣಾಂಕ ಸಿಗುತ್ತದೆ:

ಯಂಗ್‌ ಗುಣಾಂಕ = (ಇಳಿಜಾರು)^1.5 × 3 × (1 − ಪಾಯ್ಸನ್ ಅನುಪಾತದ ವರ್ಗ) ÷ (4 × √ತ್ರಿಜ್ಯ)

ಲೆಕ್ಕದ ಮಾದರಿಗೆ, 6 ಮಿಲಿಮೀಟರ್ ತ್ರಿಜ್ಯದ ಗೋಲಿ ಸ್ಪರ್ಶಬಿಂದುವಿನಿಂದ 0.5 ಮಿಲಿಮೀಟರ್ ಇಳಿದಾಗ ತಕ್ಕಡಿಯಲ್ಲಿ 3.15 ಗ್ರಾಂ ಹೆಚ್ಚಾಯಿತು ಎಂದುಕೊಳ್ಳಿ. ಬಲ 0.0308 ನ್ಯೂಟನ್, ಅದರ 2/3 ಘಾತ 0.0983, ಅದನ್ನು 0.0005 ಮೀಟರಿನಿಂದ ಭಾಗಿಸಿದರೆ ಇಳಿಜಾರು ಸುಮಾರು 197. ಪಾಯ್ಸನ್ ಅನುಪಾತ 0.5 ಎಂದು ಹಿಡಿದು ಸೂತ್ರಕ್ಕೆ ಹಾಕಿದರೆ ಸುಮಾರು 20 ಕಿಲೋಪ್ಯಾಸ್ಕಲ್ ಬರುತ್ತದೆ. ನಕ್ಷೆ ರೇಖೆಯಾಗದೆ ಮೇಲಕ್ಕೆ ಬಾಗಿದರೆ ತಳದ ಪ್ರಭಾವವನ್ನೂ, ಕೆಳಕ್ಕೆ ಬಾಗಿದರೆ ವಸ್ತು ಹರಿಯುತ್ತಿರುವುದನ್ನೋ ಒಡೆಯುತ್ತಿರುವುದನ್ನೋ ಸಂಶಯಿಸಬೇಕು. ಗಣಕಯಂತ್ರದಲ್ಲಿ ರೇಖೆ ಹೊಂದಿಸುವ ಮೊದಲು ಒಮ್ಮೆಯಾದರೂ ಗ್ರಾಫ್ ಹಾಳೆಯ ಮೇಲೆ ಬಿಂದುಗಳನ್ನು ಇಟ್ಟು ನೋಡುವುದು ಲೇಸು, ಏಕೆಂದರೆ ಬಾಗಿದ ಬಿಂದುಗಳಿಗೂ ತಂತ್ರಾಂಶ ಒಂದು ನೇರ ರೇಖೆಯನ್ನು ಎಳೆದೇ ತೀರುತ್ತದೆ.

ತಳದ ಪ್ರಭಾವ

ಆಳವು ಮಾದರಿಯ ದಪ್ಪದ ಶೇಕಡಾ 10ಕ್ಕಿಂತ ಕಡಿಮೆಯಿದ್ದರೆ ತಳದ ಚಿಂತೆ ಬೇಡ ಎಂಬ ಮಾತು ತುಂಬ ಪ್ರಚಾರದಲ್ಲಿದೆ. ಗೋಲಿಯ ವಿಷಯದಲ್ಲಿ ಅದನ್ನು ನಂಬಬಾರದು. ಲೆಕ್ಕಕ್ಕೆ ಬರುವುದು ಬರಿಯ ಆಳವಲ್ಲ. ತ್ರಿಜ್ಯ ಮತ್ತು ಆಳಗಳ ಗುಣಲಬ್ಧದ ವರ್ಗಮೂಲ, ಅಂದರೆ ಸ್ಪರ್ಶವೃತ್ತದ ತ್ರಿಜ್ಯ. ಅದನ್ನು ದಪ್ಪದಿಂದ ಭಾಗಿಸಿ ಬರುವ ಅಂಕಿಯನ್ನು "ಕ" ಎಂದು ಕರೆಯೋಣ. ತಳಕ್ಕೆ ಅಂಟಿಕೊಂಡಿರುವ, 0.5 ಪಾಯ್ಸನ್ ಅನುಪಾತದ ಮಾದರಿಗೆ ಡಿಮಿಟ್ರಿಯಾಡಿಸ್ ಮತ್ತು ಸಂಗಡಿಗರು 2002ರಲ್ಲಿ ಕೊಟ್ಟ ತಿದ್ದುಪಡಿಯ ಪ್ರಕಾರ, ಹರ್ಟ್ಸ್ ಸೂತ್ರದ ಬಲವನ್ನು ಈ ಮೊತ್ತದಿಂದ ಗುಣಿಸಬೇಕು:

1 + 1.133 ಕ + 1.283 ಕ² + 0.769 ಕ³ + 0.0975 ಕ⁴

ಮೇಲಿನ ಉದಾಹರಣೆಯಲ್ಲಿ ಸ್ಪರ್ಶವೃತ್ತದ ತ್ರಿಜ್ಯ 1.73 ಮಿಲಿಮೀಟರ್. ಮಾದರಿಯ ದಪ್ಪ 10 ಮಿಲಿಮೀಟರ್ ಆಗಿದ್ದರೆ, ಆಳ ದಪ್ಪದ ಶೇಕಡಾ 5 ಮಾತ್ರವೇ ಆದರೂ, ಅಳತೆ ಶೇಕಡಾ 24ರಷ್ಟು ಹೆಚ್ಚು ತೋರುತ್ತದೆ. 30 ಮಿಲಿಮೀಟರ್ ದಪ್ಪದಲ್ಲೂ ಶೇಕಡಾ 7 ಉಳಿಯುತ್ತದೆ. ಆದ್ದರಿಂದ ಮೊದಲು ಸ್ಪರ್ಶಬಿಂದು ಕಂಡುಕೊಂಡು, ಪ್ರತಿ ಆಳದ ಬಲವನ್ನೂ ಅದರದರ ಮೊತ್ತದಿಂದ ಭಾಗಿಸಿ, ನಕ್ಷೆಯನ್ನು ಮತ್ತೊಮ್ಮೆ ಬರೆಯಬೇಕು. ಪಾತ್ರೆಯ ಬದಿಯಿಂದಲೂ ದೂರವಿರಿ. ಒಂದು ಒತ್ತಿನ ಜಾಗಕ್ಕೂ ಮುಂದಿನದಕ್ಕೂ ಕನಿಷ್ಠ 10 ಮಿಲಿಮೀಟರ್ ಬಿಡಿ. ಐದು ಜಾಗಗಳಲ್ಲಿ ಒತ್ತಿ ಸರಾಸರಿಯನ್ನೂ ಹರವನ್ನೂ ಕೊಟ್ಟರೆ ಓದುಗರಿಗೆ ನಂಬಿಕೆ ಬರುತ್ತದೆ.

ಇದೇ ಜೆಲ್ಲಿಯಿಂದ 30 ಮಿಲಿಮೀಟರ್ ವ್ಯಾಸ, 30 ಮಿಲಿಮೀಟರ್ ಎತ್ತರದ ಸಿಲಿಂಡರನ್ನು ಕತ್ತರಿಸಿ, ಎರಡೂ ತುದಿಗೆ ಎಣ್ಣೆ ಸವರಿ, ಮೇಲೆ 50 ಗ್ರಾಂ ಹೇರಿ ನೋಡುವುದು ಒಳ್ಳೆಯ ತಾಳೆ. 18.7 ಕಿಲೋಪ್ಯಾಸ್ಕಲ್‌ನ ವಸ್ತುವಾದರೆ (ಮೇಲಿನ 20ನ್ನು 30 ಮಿಲಿಮೀಟರ್ ದಪ್ಪದ ತಿದ್ದುಪಡಿ 1.07ರಿಂದ ಭಾಗಿಸಿದರೆ ಬರುವ ಅಂಕಿ ಇದು) ಅದು ಸುಮಾರು 1.1 ಮಿಲಿಮೀಟರ್ ಕುಗ್ಗಬೇಕು. ಎರಡು ವಿಧಾನಗಳು ಶೇಕಡಾ 15ರೊಳಗೆ ಹೊಂದಿದರೆ ಈ ಮಟ್ಟದ ಉಪಕರಣಕ್ಕೆ ತೃಪ್ತಿಕರ.

ಕಾಲ

ಮೃದು ವಸ್ತುಗಳಲ್ಲಿ ಹೆಚ್ಚಿನವು ಒತ್ತಡವನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಗೋಲಿಯನ್ನು ಅರ್ಧ ಮಿಲಿಮೀಟರ್‌ಗೆ ಇಳಿಸಿ ಹಾಗೆಯೇ ಬಿಟ್ಟರೆ ತಕ್ಕಡಿಯ ಅಂಕಿ ಇಳಿಯುತ್ತಾ ಹೋಗುತ್ತದೆ. 1, 10, 100, 1,000 ಸೆಕೆಂಡುಗಳಲ್ಲಿ ಅದನ್ನು ಬರೆದುಕೊಂಡರೆ, ತಕ್ಷಣದ ಬಿಗಿತವೂ ನೆಲೆಗೊಂಡ ಬಿಗಿತವೂ ಬೇರೆ ಬೇರೆಯಾಗಿ ಸಿಗುತ್ತವೆ. ಇಳಿಕೆಗೆ ಎರಡು ಕಾರಣಗಳಿರಬಹುದು: ಸರಪಳಿ ಅಣುಗಳು ಜಾರಿ ಹೊಸ ಜೋಡಣೆಗೆ ಬರುವುದು ಒಂದು, ಒತ್ತಿದ ಜಾಗದಿಂದ ನೀರು ಪಕ್ಕಕ್ಕೆ ಸರಿಯುವುದು ಇನ್ನೊಂದು. ಇವೆರಡನ್ನು ಬೇರ್ಪಡಿಸುವ ಉಪಾಯ ಬಹಳ ಸೊಗಸಾಗಿದೆ. ಅದೇ ಆಳಕ್ಕೆ ನಾಲ್ಕು ಪಟ್ಟು ತ್ರಿಜ್ಯದ ಗೋಲಿಯಿಂದ ಒತ್ತಿದರೆ ಸ್ಪರ್ಶವೃತ್ತ ಎರಡು ಪಟ್ಟಾಗುತ್ತದೆ. ನೀರು ಕ್ರಮಿಸಬೇಕಾದ ದೂರ ದುಪ್ಪಟ್ಟಾಗಿ, ಸಡಿಲಿಕೆಯ ಕಾಲ ನಾಲ್ಕು ಪಟ್ಟಾಗುತ್ತದೆ. ಅಣುಗಳ ಜಾರುವಿಕೆಗೆ ಗೋಲಿಯ ಗಾತ್ರದ ಗೊಡವೆಯಿಲ್ಲ, ಅದರ ಕಾಲ ಬದಲಾಗದು. ದೀರ್ಘ ಪರೀಕ್ಷೆಯಲ್ಲಿ ಮಾದರಿಯ ನೀರು ಆರಿ ತೂಕವೇ ಇಳಿಯುವುದರಿಂದ, ಗೋಲಿಯನ್ನು ಮೇಲೆತ್ತಿದ ಮೇಲೆ ಮಾದರಿಯ ತೂಕವನ್ನು ಮತ್ತೊಮ್ಮೆ ನೋಡಿ ಆ ನಷ್ಟವನ್ನು ಸೇರಿಸಿಕೊಳ್ಳಬೇಕು.

ಅಂಟಿಕೊಳ್ಳುವ ವಸ್ತುಗಳು

ಸಿಲಿಕೋನ್ ರಬ್ಬರಿನಂಥ ವಸ್ತುಗಳು ಗೋಲಿಗೆ ಅಂಟುತ್ತವೆ. ಮೇಲೆತ್ತುವಾಗ ತಕ್ಕಡಿ ಮಾದರಿಯ ತೂಕಕ್ಕಿಂತ ಕಡಿಮೆ ತೋರಿದರೆ ಅದೇ ಸಾಕ್ಷಿ. ಆಗ ಹರ್ಟ್ಸ್ ಸೂತ್ರ ಬಿಗಿತವನ್ನು ಹೆಚ್ಚಿಸಿ ಹೇಳುತ್ತದೆ. ಮೇಲ್ಮೈಗೆ ಸೋಪು ನೀರಿನ ತೆಳು ಪದರ ಹಾಕಿದರೆ ಸಾಮಾನ್ಯವಾಗಿ ತೊಂದರೆ ನಿವಾರಣೆಯಾಗುತ್ತದೆ. ಅಂಟಿನ ಬಲವನ್ನೇ ಅಳೆಯಬೇಕೆಂದರೆ ಜಾನ್ಸನ್, ಕೆಂಡಲ್, ರಾಬರ್ಟ್ಸ್ 1971ರಲ್ಲಿ ರೂಪಿಸಿದ ಸಿದ್ಧಾಂತವನ್ನು ಬಳಸಬೇಕು.

ಹಣ್ಣು ಮತ್ತು ರಬ್ಬರ್

ಹಣ್ಣಿನ ಪರೀಕ್ಷೆಯಲ್ಲಿ ಎರಡು ಬೇರೆ ಪ್ರಶ್ನೆಗಳನ್ನು ಬೆರೆಸುವುದು ಸಾಮಾನ್ಯ. ಮ್ಯಾಗ್ನೆಸ್ ಮತ್ತು ಟೇಲರ್ 1925ರಲ್ಲಿ ಬಳಕೆಗೆ ತಂದ, ಇಂದಿಗೂ ಸುಮಾರು 8 ಮತ್ತು 11 ಮಿಲಿಮೀಟರ್ ವ್ಯಾಸದ ತುದಿಗಳೊಂದಿಗೆ ಬಳಕೆಯಲ್ಲಿರುವ ಪೆನೆಟ್ರೋಮೀಟರ್, ಸಿಪ್ಪೆ ತೆಗೆದ ತಿರುಳನ್ನು ತೂರಿಹೋಗಲು ಬೇಕಾದ ಗರಿಷ್ಠ ಬಲವನ್ನು ಹೇಳುತ್ತದೆ. ಅದು ತಿರುಳಿನ ತಾಳಿಕೆ, ಸ್ಥಿತಿಸ್ಥಾಪಕ ಗುಣಾಂಕವಲ್ಲ. ಬೆಣ್ಣೆಹಣ್ಣು ಮರದಲ್ಲಿ ಮಾಗದೆ, ಕೊಯ್ದ ಮೇಲಷ್ಟೇ ಮಾಗುವುದರಿಂದ, ಕೊಯ್ದು ಎಷ್ಟು ದಿನವಾಯಿತು ಎಂಬುದನ್ನು ಬರೆಯದ ಅಳತೆಗೆ ಬೆಲೆಯಿಲ್ಲ. ಗುಣಾಂಕ ಬೇಕಿದ್ದರೆ ಹಣ್ಣಿನ ನಡುಭಾಗದಲ್ಲಿ ಸಿಪ್ಪೆಯ ಸಮೇತ ತೆಳು ಬಿಲ್ಲೆಯೊಂದನ್ನು ಕೊಯ್ದು ತೆಗೆದು, ಹಣ್ಣಿನ ಆ ಜಾಗವನ್ನು ಸಮತಟ್ಟು ಮಾಡಿ, ಅಲ್ಲಿ ಬಹಳ ಕಡಿಮೆ ಆಳಕ್ಕೆ ಒತ್ತಬೇಕು. ಗೋಲಿ ತೆಗೆದ ಮೇಲೆ ಕುಳಿ ಉಳಿದರೆ ಒತ್ತುವ ಹಾದಿಯ ನಕ್ಷೆ ಕೆಲಸಕ್ಕೆ ಬಾರದು. ಆಲಿವರ್ ಮತ್ತು ಫಾರ್ 1992ರಲ್ಲಿ ಪ್ರಸಿದ್ಧಗೊಳಿಸಿದಂತೆ, ಬಿಡುವ ಹಾದಿಯ ಆರಂಭದ ಇಳಿಜಾರನ್ನು ಬಳಸಬೇಕು. ಆ ಇಳಿಜಾರನ್ನು ಸ್ಪರ್ಶವೃತ್ತದ ವ್ಯಾಸದಿಂದ ಭಾಗಿಸಿ, (1 − ಪಾಯ್ಸನ್ ಅನುಪಾತದ ವರ್ಗ) ಇದರಿಂದ ಗುಣಿಸಿದರೆ ಗುಣಾಂಕ. ಗೋಲಿಗೆ ಚೂರು ಸ್ಟಾಂಪ್ ಶಾಯಿ ಸವರಿದರೆ ತಿರುಳಿನ ಮೇಲೆ ಮೂಡುವ ಗುರುತಿನಿಂದಲೇ ವ್ಯಾಸ ತಿಳಿಯುತ್ತದೆ. ಬಿಡುವ ಮೊದಲು ಒಂದೆರಡು ನಿಮಿಷ ಹಿಡಿದು ನಿಲ್ಲಿಸಿ, ಇಲ್ಲವಾದರೆ ತಿರುಳು ಇನ್ನೂ ಹರಿಯುತ್ತಿರುವುದು ಇಳಿಜಾರನ್ನು ಕೆಡಿಸುತ್ತದೆ.

ರಬ್ಬರಿಗೆ ಶೋರ್ ಎ ಡ್ಯೂರೋಮೀಟರ್ ಎಂಬ ಕೈಸಾಧನವಿದೆ. 0.79 ಮಿಲಿಮೀಟರ್ ವ್ಯಾಸದ ಮೊಂಡು ತುದಿಯ ಶಂಕು ಅದರ ಇಂಡೆಂಟರ್. 0ಯಿಂದ 100ರವರೆಗೆ ಓದು ತೋರುತ್ತದೆ. ಮಾದರಿ ಕನಿಷ್ಠ 6 ಮಿಲಿಮೀಟರ್ ದಪ್ಪವಿರಬೇಕು, ಅಂಚಿನಿಂದ 12 ಮಿಲಿಮೀಟರ್ ಒಳಗೆ ಒತ್ತಬೇಕು. ಗೆಂಟ್ 1958ರಲ್ಲಿ ಕೊಟ್ಟ ಸಂಬಂಧದ ಪ್ರಕಾರ ಶೋರ್ ಎ 60 ಎಂದರೆ ಸುಮಾರು 3.6 ಮೆಗಾಪ್ಯಾಸ್ಕಲ್. ಬುಷ್‌ನ ಬಾಗಿದ ಮೈಮೇಲೆ ಈ ಸಾಧನವನ್ನು ಇಟ್ಟು ಓದಿದ ಅಂಕಿ ಹೋಲಿಕೆಗೆ ಮಾತ್ರ ಸರಿ; ಗುಣಾಂಕಕ್ಕಾಗಿ ಅದರಿಂದ ಚಪ್ಪಟೆ ತುಂಡು ಕತ್ತರಿಸಿ ಗೋಲಿ ವಿಧಾನವನ್ನೇ ಅನುಸರಿಸಬೇಕು. ರಬ್ಬರ್ 3.6 ಮೆಗಾಪ್ಯಾಸ್ಕಲ್‌ನದಾದರೆ, 12 ಮಿಲಿಮೀಟರ್ ವ್ಯಾಸದ ಗೋಲಿಗೆ 0.2 ಮಿಲಿಮೀಟರ್ ಆಳದಲ್ಲಿ, ತಳದ ತಿದ್ದುಪಡಿ ಬಿಟ್ಟು, ಸುಮಾರು 143 ಗ್ರಾಂ ತೋರಬೇಕು. ಕಪ್ಪು ಮಸಿ ಬೆರೆಸಿದ ರಬ್ಬರ್ ಮೊದಲ ಒತ್ತಿಗೆ ಹೆಚ್ಚು ಬಿಗಿಯಾಗಿರುತ್ತದೆ, ಮುಂದಿನ ಒತ್ತುಗಳಿಗೆ ಸಡಿಲಗೊಳ್ಳುತ್ತದೆ. ಹಾಗಾಗಿ ಅದೇ ಜಾಗವನ್ನು ಎರಡು ಮೂರು ಸಲ ಒತ್ತಿ ಬಿಟ್ಟು ಆಮೇಲೆ ಓದು ತೆಗೆದುಕೊಳ್ಳಿ. ಸಂಪಾಜೆಯ ಕಡೆಯ ತೋಟಗಳಲ್ಲಿ ಹೊಗೆಯಲ್ಲಿ ಒಣಗಿಸುವ ರಬ್ಬರ್ ಹಾಳೆಗಳಿಗೆ ಗೀರುಗಳಿರುವುದರಿಂದ ಗೋಲಿ ಎಲ್ಲಿ ತಾಗಿತು ಎಂಬುದೇ ಅನಿಶ್ಚಿತ. ಅವನ್ನು ಪರೀಕ್ಷಿಸುವವರು ಮೊದಲು ಗೀರಿಲ್ಲದ ತುಂಡನ್ನು ಸಿದ್ಧಪಡಿಸಿಕೊಳ್ಳಬೇಕು.

ಫಲಿತಾಂಶವನ್ನು ಬರೆಯುವ ರೀತಿ

ಬೇರೊಬ್ಬರು ಅದೇ ಪರೀಕ್ಷೆಯನ್ನು ಮರುಮಾಡಲು ಬೇಕಾದಷ್ಟು ವಿವರ ಒಂದೇ ಸಾಲಿನಲ್ಲಿರಲಿ. ಮೇಲಿನ ಉದಾಹರಣೆಯನ್ನು ಹೀಗೆ ದಾಖಲಿಸಬಹುದು: ಅಗಾರ್ ಶೇಕಡಾ 1.5, ಎರಕದ ಮರುದಿನ, 22 ಡಿಗ್ರಿ. ಉಕ್ಕಿನ ಗೋಲಿ, ತ್ರಿಜ್ಯ 6 ಮಿಲಿಮೀಟರ್. ದಪ್ಪ 30 ಮಿಲಿಮೀಟರ್, ತಳಕ್ಕೆ ಅಂಟಿದ ಮಾದರಿ. ಗರಿಷ್ಠ ಆಳ 0.5 ಮಿಲಿಮೀಟರ್, ಪ್ರತಿ ಹೆಜ್ಜೆಗೆ 10 ಸೆಕೆಂಡು; ಪಾಯ್ಸನ್ ಅನುಪಾತ 0.5 ಎಂದು ಹಿಡಿದದ್ದು. ದಪ್ಪದ ತಿದ್ದುಪಡಿಯ ನಂತರ ಯಂಗ್‌ ಗುಣಾಂಕ 18.7 ಕಿಲೋಪ್ಯಾಸ್ಕಲ್.